ಡಿಗ್ರಿ ಮಕ್ಕಳಿಗೆ ಲೈಂಗಿಕತೆ ಒಂದು ಪೂರ್ತಿ ಪೇಪರ್ ಆಗಿ ಬೇಕು: ಮಂಗಳೂರು, ಉಡುಪಿ ಕಡೆಯವರು ಏನಂತೀರಿ?

ಸೈಕಾಲಜಿ ಟೀಚರ್, ಮಂಗಳೂರು:

ನೇರವಾಗಿ ವಿಷಯಕ್ಕೆ ಬರುತ್ತೇನೆ. ಡಿಗ್ರಿ ಮಕ್ಕಳಿಗೆ ಲೈಂಗಿಕತೆಯ ಬಗ್ಗೆ ಒಂದು ಪೂರ್ತಿ ಸೆಮಿಸ್ಟರ್ ಕಲಿಸಬೇಕು. ಮಾರ್ಕ್ಸ್ ಇರಬೇಕು, ಅಟೆಂಡೆನ್ಸ್ ಇರಬೇಕು, ಕಲಿಸುವವರು ಅದೇ ಕಾಲೇಜಿನವರೇ ಆಗಿರಬೇಕು. ವರ್ಷಕ್ಕೊಮ್ಮೆ ಹೊರಗಿನಿಂದ ಡಾಕ್ಟರನ್ನು ಕರೆಸಿ ಒಂದು ಗಂಟೆ ಮಾತಾಡಿಸಿದರೆ ಆಗುವ ಕೆಲಸ ಇದಲ್ಲ.

ಆ ಒಂದು ಗಂಟೆ ಹೇಗಿರುತ್ತದೆ ಅಂತ ನಿಮಗೂ ಗೊತ್ತು. ಎನ್ನೆಸ್ಸೆಸ್ ಅಥವಾ ರೆಡ್ ರಿಬ್ಬನ್ ಕ್ಲಬ್ ಕಡೆಯಿಂದ ಕಾರ್ಯಕ್ರಮ. ಸಭಾಂಗಣದ ಒಂದು ಕಡೆ ಹುಡುಗರು, ಇನ್ನೊಂದು ಕಡೆ ಹುಡುಗಿಯರು. ಡಾಕ್ಟರು ಪಾಪ ಒಳ್ಳೆಯವರೇ, ಆದರೆ ಅವರು ಹೇಳುವುದು ರೋಗದ ಬಗ್ಗೆ. ಎಚ್‌ಐವಿ ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲ. ಕೊನೆಗೆ ಪ್ರಶ್ನೆ ಇದೆಯಾ ಅಂತ ಕೇಳಿದರೆ ಒಂದು ಕೈಯೂ ಮೇಲೆ ಏಳುವುದಿಲ್ಲ. ಅಷ್ಟು ಜನರ ಮುಂದೆ ಗುರುತಿಲ್ಲದವರ ಹತ್ತಿರ ಯಾರು ತಾನೇ ಕೇಳುತ್ತಾರೆ?

ನಾನು ನನ್ನ ಸೈಕಾಲಜಿ ಪೇಪರಿನ ಒಂದು ಯೂನಿಟ್ಟಿನಲ್ಲಿ ಇದನ್ನು ಹಲವು ವರ್ಷಗಳಿಂದ ಕಲಿಸುತ್ತಿದ್ದೇನೆ. ಹೆಸರು ಬರೆಯದ ಚೀಟಿ ತೆಗೆದುಕೊಳ್ಳುತ್ತೇನೆ. ಎಲ್ಲರೂ ಬರೆಯಲೇಬೇಕು. ಪ್ರಶ್ನೆ ಇಲ್ಲದವರು 'ಪ್ರಶ್ನೆ ಇಲ್ಲ' ಅಂತಲಾದರೂ ಬರೆಯಬೇಕು. ಆಗ ಯಾರು ಕೇಳಿದ್ದು ಅಂತ ಪಕ್ಕದವರಿಗೆ ತಿಳಿಯುವುದಿಲ್ಲ. ಮನೆಗೆ ತಂದು ಟೈಪ್ ಮಾಡಿಕೊಳ್ಳುತ್ತೇನೆ, ಅಕ್ಷರದ ಗುರುತು ಹತ್ತಬಾರದು ಅಂತ. ಮುಂದಿನ ಕ್ಲಾಸಿನಲ್ಲಿ ಉತ್ತರ.

ಮೊದಲ ವಾರದ ಚೀಟಿಗಳಲ್ಲಿ ಬರುವುದೆಲ್ಲ ಹೆಚ್ಚುಕಡಿಮೆ ಒಂದೇ ಪ್ರಶ್ನೆ: ನಾನು ಸರಿಯಾಗಿದ್ದೇನಾ? ನನ್ನ ಮುಟ್ಟು ತಿಂಗಳಿಗೆ ಸರಿಯಾಗಿ ಬರುವುದಿಲ್ಲ, ಬಿಳಿ ಹೋಗುತ್ತದೆ, ಎದೆಯ ಎರಡು ಕಡೆ ಒಂದೇ ಅಳತೆ ಇಲ್ಲ, ರಾತ್ರಿ ನಿದ್ದೆಯಲ್ಲಿ ವೀರ್ಯ ಹೋಗುತ್ತದೆ, ಹಸ್ತಮೈಥುನ ಮಾಡಿ ನರ ವೀಕ್ ಆಗುತ್ತದಾ. ಮೂರು ನಾಲ್ಕು ವಾರ ಕಳೆದು, ಈ ಟೀಚರ್ ನಗುವುದಿಲ್ಲ, ಬೈಯುವುದಿಲ್ಲ, ಸ್ಟಾಫ್ ರೂಮಿನಲ್ಲಿ ಹೇಳುವುದಿಲ್ಲ ಅಂತ ಖಾತ್ರಿ ಆದ ಮೇಲೆ ಚೀಟಿಗಳೇ ಬೇರೆಯಾಗುತ್ತವೆ. ಅವನು ಫೋಟೋ ಕೇಳುತ್ತಾನೆ, ಕೊಡದಿದ್ದರೆ ನಂಬಿಕೆ ಇಲ್ಲ ಅನ್ನುತ್ತಾನೆ, ಏನು ಹೇಳಲಿ? ಅವಳು ಸುಮ್ಮನಿದ್ದರೆ ಅದು ಒಪ್ಪಿಗೆಯಾ? ಮದುವೆ ಆದ ಮೇಲೆ ಗಂಡನಿಗೆ ಬೇಡ ಅನ್ನಬಹುದಾ? ಚಿಕ್ಕವಳಿದ್ದಾಗ ಸಂಬಂಧಿಕರೊಬ್ಬರು ಹೀಗೆ ಮಾಡಿದ್ದರು, ಅದು ನನ್ನ ತಪ್ಪಾ?

ಈ ಎರಡನೇ ಬಗೆಯ ಪ್ರಶ್ನೆಗಳು ಒಂದು ಗಂಟೆಯ ಕಾರ್ಯಕ್ರಮದಲ್ಲಿ ಯಾವತ್ತೂ ಹೊರಗೆ ಬರುವುದಿಲ್ಲ. ಅದಕ್ಕೇ ಸೆಮಿಸ್ಟರ್ ಬೇಕು ಅನ್ನುವುದು. ಬೇರೆ ಕಾಲೇಜಿನವರು, ಪೇರೆಂಟ್ಸ್, ಓದಿ ಹೋದವರು ಎಲ್ಲರೂ ಬರೆಯಿರಿ. ಒಪ್ಪದಿದ್ದರೂ ಬರೆಯಿರಿ.

ಝೂವಾಲಜಿ ಮೇಷ್ಟ್ರು, ಪುತ್ತೂರು:

ಮೇಡಂ, ಪೂರ್ತಿ ಒಪ್ಪುತ್ತೇನೆ. ಈ ತರದ ಕೋರ್ಸಿಗೆ ದೊಡ್ಡ ಹೆಸರು ತಂದವರಲ್ಲಿ ಒಬ್ಬರು ನಮ್ಮ ಸಬ್ಜೆಕ್ಟಿನವರೇ. ಅಮೆರಿಕದ ಇಂಡಿಯಾನಾ ಯೂನಿವರ್ಸಿಟಿಯ ಆಲ್ಫ್ರೆಡ್ ಕಿನ್ಸೆ. ಕಣಜದ ಜಾತಿಯ ಹುಳುಗಳ ಮೇಲೆ ಕೆಲಸ ಮಾಡುತ್ತಿದ್ದ ಪ್ರಾಣಿಶಾಸ್ತ್ರದ ಪ್ರೊಫೆಸರ್. 1938ರಲ್ಲಿ ಅಲ್ಲಿ ಮದುವೆಯ ಬಗ್ಗೆ ಒಂದು ಕೋರ್ಸ್ ಶುರುವಾದಾಗ ಅದನ್ನು ನಡೆಸಿದ್ದು ಅವರು. ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳಿಗೆ ವಿಜ್ಞಾನದಲ್ಲಿ ಉತ್ತರವೇ ಇಲ್ಲ ಅಂತ ಗೊತ್ತಾಗಿ, ಜನರನ್ನೇ ಕೇಳಿ ಮಾಹಿತಿ ಸೇರಿಸಲು ಹೊರಟರು. ಅಲ್ಲೂ ವಿರೋಧ ಬಂತು. 1940ರಲ್ಲಿ ಕೋರ್ಸ್ ಬೇಕಾ, ಸಂಶೋಧನೆ ಬೇಕಾ, ಒಂದನ್ನು ಆರಿಸಿಕೊಳ್ಳಿ ಅಂತ ಯೂನಿವರ್ಸಿಟಿ ಹೇಳಿತು. ಅವರು ಸಂಶೋಧನೆ ಆರಿಸಿಕೊಂಡರು. ಅವರ ಸಂಶೋಧನೆಯ ರೀತಿಯ ಬಗ್ಗೆ ಆಮೇಲೆ ಬಹಳ ಟೀಕೆ ಬಂದಿದೆ, ಅದೂ ಪಾಠದ ಭಾಗವೇ ಆಗಬೇಕು.

ನಾನು ಹೇಳಬೇಕಾದ್ದು ಮುಖ್ಯವಾಗಿ ಹುಡುಗರ ಬಗ್ಗೆ. ಈ ವಿಷಯ ಬಂದ ಕೂಡಲೇ ಎಲ್ಲರೂ ಹುಡುಗಿಯರನ್ನು ಕಾಪಾಡುವ ಮಾತಾಡುತ್ತಾರೆ, ಅದು ಬೇಕಾದ್ದೇ. ಆದರೆ ಹುಡುಗರ ಹತ್ತಿರ ಯಾರೂ ಮಾತೇ ಆಡುವುದಿಲ್ಲ ಮಾರಾಯ್ರೆ. ಅಮ್ಮಂದಿರು ಮಗಳಿಗೆ ಮುಟ್ಟಿನ ಬಗ್ಗೆ ಅರ್ಧಂಬರ್ಧವಾದರೂ ಹೇಳಿರುತ್ತಾರೆ. ಮಗನಿಗೆ ಸ್ವಪ್ನಸ್ಖಲನದ ಬಗ್ಗೆ ಹೇಳಿದ ಅಪ್ಪ ಎಲ್ಲಿದ್ದಾರೆ? ಅವನಿಗೆ ಸಿಗುವುದು ಬಸ್‌ಸ್ಟ್ಯಾಂಡಿನ ಗೋಡೆಯ 'ಗುಪ್ತ ರೋಗ' ಪೋಸ್ಟರ್ ಮತ್ತು ಮೊಬೈಲ್. ನಲವತ್ತು ಹನಿ ರಕ್ತ ಸೇರಿದರೆ ಒಂದು ಹನಿ ವೀರ್ಯ ಅಂತ ಇವತ್ತಿಗೂ ನಂಬಿದವರಿದ್ದಾರೆ, ಸೈನ್ಸ್ ಓದುವವರಲ್ಲೂ. ವೀರ್ಯ ಹೋಗಿ ಶಕ್ತಿ ಹೋಯಿತು ಅನ್ನುವ ಭಯದಿಂದ ನಿದ್ದೆ ಕೆಟ್ಟು, ಊಟ ಸೇರದೆ, ಓದಲಾಗದೆ ಕೂರುವ ಹುಡುಗರನ್ನು ನಮ್ಮ ದೇಶದ ಮನೋವೈದ್ಯರು ಎಷ್ಟು ಕಂಡಿದ್ದಾರೆ ಅಂದರೆ ಅದಕ್ಕೆ 'ಧಾತು ಸಿಂಡ್ರೋಮ್' ಅಂತ ಹೆಸರೇ ಉಂಟು. 1960ರಲ್ಲಿ ಡಾಕ್ಟರ್ ಎನ್. ಎನ್. ವಿಗ್ ಇಟ್ಟ ಹೆಸರು. ಇಲ್ಲಿ ಹುಡುಗನನ್ನು ಹಿಂಡುವುದು ಭಯ. ವೀರ್ಯ ವೃಷಣದಲ್ಲಿ ಮತ್ತು ಅಕ್ಕಪಕ್ಕದ ಗ್ರಂಥಿಗಳಲ್ಲಿ ದಿನಾ ತಯಾರಾಗುತ್ತಲೇ ಇರುತ್ತದೆ, ಹೊರಗೆ ಹೋದರೆ ರಕ್ತವೂ ಕಡಿಮೆಯಾಗುವುದಿಲ್ಲ, ನರವೂ ಸೋಲುವುದಿಲ್ಲ ಅಂತ ಒಂದು ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದರೆ ಕೆಲವರ ಮುಖವೇ ಬದಲಾಗುತ್ತದೆ. ಆಮೇಲೆ ಬೇರೆ ಮಾತು ಶುರುವಾಗುತ್ತದೆ.

ಬಿಕಾಂ ಹುಡುಗಿಯ ಅಮ್ಮ, ಉಡುಪಿ:

ನಾನು ಒಪ್ಪುವುದಿಲ್ಲ. ಸಿಟ್ಟಿನಿಂದ ಹೇಳುತ್ತಿಲ್ಲ, ಮನಸ್ಸಿನಲ್ಲಿ ಇದ್ದದ್ದು ಹೇಳುತ್ತೇನೆ. ನಾವು ಮಕ್ಕಳನ್ನು ಕಾಲೇಜಿಗೆ ಕಳಿಸುವುದು ಓದಲಿಕ್ಕೆ. ಬೆಳಿಗ್ಗೆ ಬಸ್ಸು ಹತ್ತಿದವಳು ಸಂಜೆ ಮನೆಗೆ ಬರುವವರೆಗೆ ಜೀವ ಕೈಯಲ್ಲಿ ಹಿಡಿದು ಕೂತಿರುತ್ತೇವೆ. ಗೊತ್ತಿಲ್ಲದ್ದನ್ನು ಗೊತ್ತು ಮಾಡಿಕೊಟ್ಟರೆ ಮಾಡಿ ನೋಡುವ ಆಸೆ ಆಗುವುದಿಲ್ವಾ? ಇನ್ನೊಂದು, ಈ ಪಾಠ ಮಾಡುವವರು ಎಂಥವರು ಅಂತ ನಮಗೆ ಹೇಗೆ ಗೊತ್ತಾಗಬೇಕು? ಗಂಡಸು ಮೇಷ್ಟ್ರು ಇಂಥ ಪಾಠದ ನೆಪದಲ್ಲಿ ಹುಡುಗಿಯರ ಹತ್ತಿರ ಏನಾದರೂ ಕೇಳಿದರೆ? ಅಂಥ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ನಮ್ಮ ಹೆಣ್ಣುಮಕ್ಕಳ ಹೆಸರಿಗೆ ಏನಾದರೂ ಬಂದರೆ ಕಾಲೇಜು ನಿಲ್ಲುವುದಿಲ್ಲ, ನಾವು ನಿಲ್ಲಬೇಕು.

ನರ್ಸ್, ಮಣಿಪಾಲ ಕಡೆ:

ಅಕ್ಕ, ನಿಮ್ಮ ಭಯ ನನಗೆ ಅರ್ಥ ಆಗುತ್ತದೆ. ನನಗೂ ಮಗಳಿದ್ದಾಳೆ. ಆದರೆ ನಾನು ಆಸ್ಪತ್ರೆಯಲ್ಲಿ ನೋಡುವುದನ್ನು ಹೇಳುತ್ತೇನೆ. ಗೊತ್ತಿಲ್ಲದೆ ಇದ್ದವರು ಸೇಫ್ ಆಗಿರುವುದಿಲ್ಲ, ಲೇಟ್ ಆಗಿ ಬರುತ್ತಾರೆ ಅಷ್ಟೆ.

ಸ್ವಂತ ಊರಿನ ಮೆಡಿಕಲ್ಲಿಗೆ ಹೋದರೆ ಗುರುತಿನವರು ಇರುತ್ತಾರೆ ಅಂತ ಬಸ್ಸು ಹತ್ತಿ ಬೇರೆ ಊರಿಗೆ ಹೋಗಿ ಎಮರ್ಜೆನ್ಸಿ ಮಾತ್ರೆ ತರುವ ಹುಡುಗಿಯರಿದ್ದಾರೆ. ತೆಗೆದುಕೊಳ್ಳುವುದು ಹೇಗೆ ಅಂತ ಸರಿಯಾಗಿ ಗೊತ್ತಿರುವುದಿಲ್ಲ. ಅದು 72 ಗಂಟೆಯೊಳಗೆ ತೆಗೆದುಕೊಳ್ಳಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಅಂಡ ಬಿಡುಗಡೆಯಾಗುವುದನ್ನು ಅದು ಮುಂದೂಡುತ್ತದೆ. ಆಗಲೇ ಗರ್ಭ ನಿಂತಿದ್ದರೆ ಅದರಿಂದ ಏನೂ ಆಗುವುದಿಲ್ಲ, ಅದು ಗರ್ಭಪಾತದ ಮಾತ್ರೆ ಅಲ್ಲ. ಸೋಂಕಿನಿಂದ ಕಾಪಾಡುವುದೂ ಇಲ್ಲ. ಪದೇ ಪದೇ ನುಂಗುವುದಕ್ಕೆ ಇರುವುದಲ್ಲ. ಅದೇ ಹುಡುಗಿಯರು ಗರ್ಭಪಾತದ ಮಾತ್ರೆಯನ್ನೂ ಯಾರದ್ದೋ ಕೈಯಿಂದ ತರಿಸಿ ನುಂಗಿ, ರಕ್ತ ನಿಲ್ಲದೆ ಬರುತ್ತಾರೆ. ಕಾನೂನಿನ ಪ್ರಕಾರ ಗರ್ಭಪಾತಕ್ಕೆ ಹದಿನೆಂಟು ತುಂಬಿದವಳ ಒಪ್ಪಿಗೆ ಒಂದೇ ಸಾಕು, ಅಪ್ಪ ಅಮ್ಮನ ಸಹಿ ಬೇಕಿಲ್ಲ, ಡಾಕ್ಟರು ಹೆಸರನ್ನು ಗುಟ್ಟಾಗಿ ಇಡಲೇಬೇಕು. ಆ ಕಾನೂನಿಗೆ 2021ರಲ್ಲಿ ತಿದ್ದುಪಡಿ ಆದ ಮೇಲೆ, 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಮದುವೆಯಾಗದವರಿಗೂ ಮದುವೆಯಾದವರಷ್ಟೇ ಹಕ್ಕಿದೆ ಅಂತ ಸ್ಪಷ್ಟ ಮಾಡಿದೆ. ಇದು ಗೊತ್ತಿದ್ದರೆ ಅವಳು ಮೊದಲೇ ಸರಿಯಾದ ಜಾಗಕ್ಕೆ ಬರುತ್ತಿದ್ದಳು.

ಬರೀ ಇದೇ ಅಂತ ತಿಳಿಯಬೇಡಿ. ಮದುವೆ ಆದ ಮೇಲೆ ಬರುವ ಹುಡುಗಿಯರಲ್ಲೂ ಅಂಡ ಬಿಡುಗಡೆ ಯಾವಾಗ ಅಂತ ಗೊತ್ತಿರುವವರು ಕಡಿಮೆ. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು, ಮತ್ತು ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಿರಬಹುದು. ಮಗು ಬೇಕು ಅನ್ನುವವರಿಗೂ, ಈಗ ಬೇಡ ಅನ್ನುವವರಿಗೂ ಬೇಕಾದ ಲೆಕ್ಕ ಇದು. ಗರ್ಭಕೊರಳಿನ ಕ್ಯಾನ್ಸರಿನ ಲಸಿಕೆಯ ಬಗ್ಗೆ ಡಿಗ್ರಿ ಓದುವಾಗ ಗೊತ್ತಾದರೂ ಉಪಯೋಗ ಇದೆ, 26 ವರ್ಷದವರೆಗೆ ಕೊಡುತ್ತಾರೆ. ಆ ಕ್ಯಾನ್ಸರಿನ ಸುಮಾರು ಶೇ. 70 ಬರುವುದು ಎಚ್‌ಪಿವಿ ಅನ್ನುವ ವೈರಸ್ಸಿನ 16 ಮತ್ತು 18 ಅನ್ನುವ ಎರಡು ತಳಿಗಳಿಂದ. ಎಷ್ಟು ಮನೆಯಲ್ಲಿ ಈ ಮಾತು ನಡೆದಿದೆ ಹೇಳಿ?

ಸೈಕಾಲಜಿ ಟೀಚರ್, ಮಂಗಳೂರು:

ಉಡುಪಿಯ ಅಮ್ಮನಿಗೆ: ಗೊತ್ತಾದರೆ ಮಾಡುತ್ತಾರೆ ಅನ್ನುವುದು ಸಹಜವಾದ ಭಯ. 2007ರಲ್ಲಿ ಇದೇ ಭಯದಿಂದ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣದ ಕಾರ್ಯಕ್ರಮಕ್ಕೆ ತಡೆ ಹಾಕಿದವು. ಆದರೆ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಯುನೆಸ್ಕೋ 2018ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದ್ದು ಬೇರೆ. ಇಂಥ ಶಿಕ್ಷಣದಿಂದ ಲೈಂಗಿಕ ಚಟುವಟಿಕೆ ಜಾಸ್ತಿ ಆಗುವುದಿಲ್ಲ. ಅಪಾಯದ ನಡವಳಿಕೆಯೂ ಹೆಚ್ಚುವುದಿಲ್ಲ. ಶಾಲೆಯಲ್ಲಿ ಹೇಳದೆ ಬಿಟ್ಟ ಮಕ್ಕಳೇ ಈಗ ನಮ್ಮ ಡಿಗ್ರಿ ಕ್ಲಾಸಿನಲ್ಲಿ ಕೂತಿರುವುದು. ಅವರಲ್ಲಿ ಎಷ್ಟೋ ಜನಕ್ಕೆ ಇದು ಮದುವೆಗೆ ಮೊದಲು ಸಿಗುವ ಕೊನೆಯ ಕ್ಲಾಸ್‌ರೂಮು.

ಮೇಷ್ಟ್ರುಗಳ ಬಗ್ಗೆ ನೀವು ಕೇಳಿದ್ದು ಅದಕ್ಕಿಂತ ಮುಖ್ಯ. ನನ್ನ ಕ್ಲಾಸಿನ ಮೊದಲ ನಿಯಮವೇ ಇದು: ಯಾರೂ ತಮ್ಮ ಸ್ವಂತ ಅನುಭವ ಹೇಳಬಾರದು, ಟೀಚರೂ ಕೇಳಬಾರದು, ಟೀಚರೂ ಹೇಳಬಾರದು. ಉತ್ತರ ಕೊಡುವುದು ಬೇಡ ಅನ್ನಿಸಿದರೆ 'ಪಾಸ್' ಅಂದರೆ ಮುಗಿಯಿತು, ಕಾರಣ ಹೇಳಬೇಕಿಲ್ಲ. ಅಸೈನ್‌ಮೆಂಟಿನಲ್ಲಿ 'ನಿಮ್ಮ ಜೀವನದ ಬಗ್ಗೆ ಬರೆಯಿರಿ' ಅಂತ ಇರುವುದೇ ಇಲ್ಲ. ಸ್ವಂತ ವಿಷಯ ಮಾತಾಡಬೇಕು ಅಂದರೆ ಕೌನ್ಸೆಲರ್ ಇದ್ದಾರೆ, ಅದು ಬೇರೆ ರೂಮು, ಬೇರೆ ಜನ. ಈ ಗೆರೆಯನ್ನು ಸಿಲೆಬಸ್ಸಿನಲ್ಲೇ ಬರೆದಿಡಬೇಕು. ಆಗ ಯಾವ ಮೇಷ್ಟ್ರಾದರೂ ಕೇಳಬಾರದ್ದು ಕೇಳಿದರೆ ಹುಡುಗಿಗೆ ಆ ಕ್ಷಣವೇ ಗೊತ್ತಾಗುತ್ತದೆ ಇದು ತಪ್ಪು ಅಂತ, ಮತ್ತು ದೂರು ಯಾರಿಗೆ ಕೊಡಬೇಕು ಅಂತಲೂ. ಈ ಪಾಠ ಇಲ್ಲದ ಕಾಲೇಜಿನಲ್ಲಿ ಅವಳಿಗೆ ಅದೂ ಗೊತ್ತಿರುವುದಿಲ್ಲ ಅಕ್ಕ.

ಹುಡುಗ ಹುಡುಗಿಯರು ಒಟ್ಟಿಗೆ ಕೂರಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ನಾನು ಶರೀರದ ಪಾಠದ ಮೊದಲ ಕೆಲವು ಗಂಟೆ ಬೇರೆ ಬೇರೆ ಮಾಡುತ್ತೇನೆ. ಒಪ್ಪಿಗೆ, ಪ್ರೀತಿ, ಜಗಳ, ಮದುವೆ ಇವುಗಳಿಗೆ ಬಂದಾಗ ಒಟ್ಟಿಗೆ. ಮುಟ್ಟಿನ ಪಾಠವನ್ನು ಮಾತ್ರ ಹುಡುಗರನ್ನು ಕೂರಿಸಿಕೊಂಡೇ ಮಾಡುತ್ತೇನೆ, ಅದೂ ಕೆಡ್ಡಸದಿಂದ ಶುರು ಮಾಡಿ. ತುಳುನಾಡಿನವರಿಗೆ ಹೇಳಬೇಕಾಗಿಲ್ಲ, ಭೂಮಿ ಮುಟ್ಟಾಗುತ್ತಾಳೆ ಅಂತ ಮೂರು ದಿನ ನೇಗಿಲು ಹಾರೆ ಮುಟ್ಟದೆ, ಅಗೆಯದೆ, ಕೊನೆಗೆ ಅವಳಿಗೆ ಎಣ್ಣೆ ಬಿಟ್ಟು ಉಪಚಾರ ಮಾಡುವ ಹಬ್ಬ. ನೆಲಕ್ಕೆ ಇಷ್ಟು ಮರ್ಯಾದೆ ಕೊಡುವ ಮನೆಯಲ್ಲಿ ಅಕ್ಕನಿಗೆ, ತಂಗಿಗೆ ಆ ದಿನಗಳಲ್ಲಿ ಏನು ಸಿಗುತ್ತದೆ ಅಂತ ಹುಡುಗರನ್ನೇ ಕೇಳುತ್ತೇನೆ. ಹಿಂದಿನ ಬೆಂಚಿನ ನಗು ಅಲ್ಲಿಗೆ ನಿಲ್ಲುತ್ತದೆ. ಅದಾದ ಮೇಲೆ ಹಾರ್ಮೋನು, ಗರ್ಭಕೋಶದ ಪದರ ಎಲ್ಲ ಹೇಳಿದರೆ ಗಮನ ಇಟ್ಟು ಕೇಳುತ್ತಾರೆ.

ಬಿಎಸ್ಸಿ ಮುಗಿಸಿದವ, ಈಗ ಬೆಂಗಳೂರು:

ನಾನು ಉಡುಪಿ ಜಿಲ್ಲೆಯಲ್ಲಿ ಡಿಗ್ರಿ ಮಾಡಿದವ. ನಾನು ಗೇ. 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟಿನ 377ನೇ ಸೆಕ್ಷನ್ನಿನ ತೀರ್ಪು ಬಂದಾಗ ಸೆಕೆಂಡ್ ಇಯರ್. ದೇಶ ಇಡೀ ಮಾತಾಡುತ್ತಿತ್ತು, ನಮ್ಮ ಕಾಲೇಜಿನಲ್ಲಿ ಒಬ್ಬ ಲೆಕ್ಚರರೂ ಒಂದು ಮಾತು ಎತ್ತಲಿಲ್ಲ. ಕ್ಯಾಂಟೀನಿನಲ್ಲಿ ಮಾತ್ರ ಇಡೀ ದಿನ ಅಸಹ್ಯದ ಜೋಕು. ಯಾರಾದರೂ ಒಬ್ಬರು ಮೇಷ್ಟ್ರು ಎದ್ದು ನಿಂತು 'ಇದು ಕಾಯಿಲೆ ಅಲ್ಲ, 1990ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಿಂದ ತೆಗೆದಿದೆ' ಅಂತ ಅಷ್ಟೇ ಹೇಳಿದ್ದರೂ ನಾನು ಆಮೇಲಿನ ವರ್ಷಗಳನ್ನು ಬೇರೆ ರೀತಿ ಕಳೆಯುತ್ತಿದ್ದೆ. ಮನೆಯವರು ನನ್ನನ್ನು 'ಸರಿ ಮಾಡಿಸಲು' ಒಬ್ಬರ ಹತ್ತಿರ ಕರೆದುಕೊಂಡು ಹೋದರು. ಅವರೂ ಡಿಗ್ರಿ ಇದ್ದ ಡಾಕ್ಟರೇ. ಹೀಗೆ ಬದಲಾಯಿಸುತ್ತೇವೆ ಅಂತ ಚಿಕಿತ್ಸೆ ಕೊಡುವುದು ವೃತ್ತಿಗೆ ತಕ್ಕದ್ದಲ್ಲದ ನಡವಳಿಕೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿತು. ನನಗೆ ಅದು ತಡವಾಯಿತು.

ಅದಕ್ಕೇ ಟೀಚರ್ ಹೇಳಿದ 'ಡಾಕ್ಟರನ್ನು ಕರೆಸಿದರೆ ಸಾಲದು' ಅನ್ನುವ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಅದೇ ಆಯೋಗ 2024ರ ಆಗಸ್ಟ್ ಕೊನೆಯಲ್ಲಿ ಎಂಬಿಬಿಎಸ್‌ಗೆ ಹೊರಡಿಸಿದ ಪಠ್ಯಕ್ರಮದಲ್ಲಿ ಸಲಿಂಗ ಸಂಬಂಧವನ್ನು ಮತ್ತೆ ಅಸಹಜ ಅಪರಾಧಗಳ ಸಾಲಿಗೆ ಸೇರಿಸಿತ್ತು, ಕನ್ಯಾಪೊರೆಗೆ ಮತ್ತೆ ಮಹತ್ವ ಕೊಟ್ಟಿತ್ತು. ಟೀಕೆ ಬಂದ ಮೇಲೆ ಸೆಪ್ಟೆಂಬರಿನಲ್ಲಿ ಹಿಂದೆಗೆದುಕೊಂಡಿತು. ಡಾಕ್ಟರುಗಳಿಗೇ ಇದು ಸರಿಯಾಗಿ ಸಿಗುತ್ತಿಲ್ಲ. ನಿಮ್ಮ ಪೇಪರಿನಲ್ಲಿ ನಮ್ಮಂಥವರ ಬಗ್ಗೆ ಒಂದು ಪ್ಯಾರಾ ಹಾಕಿ ಮುಗಿಸಬೇಡಿ ದಯವಿಟ್ಟು. ಟ್ರಾನ್ಸ್ ಜನರ ಹಕ್ಕುಗಳನ್ನು ಒಪ್ಪಿದ ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪನ್ನು ಕ್ಲಾಸಿನಲ್ಲಿ ಓದಿಸಿ. ಪ್ರತಿ ಕ್ಲಾಸಿನಲ್ಲಿ ಒಬ್ಬ ನನ್ನಂಥವನು ಕೂತು ಕೇಳುತ್ತಿದ್ದಾನೆ ಅಂದುಕೊಂಡು ಪಾಠ ಮಾಡಿ.

ಝೂವಾಲಜಿ ಮೇಷ್ಟ್ರು, ಪುತ್ತೂರು:

ತಮ್ಮಾ, ಇದನ್ನು ಬರೆದದ್ದಕ್ಕೆ ಥ್ಯಾಂಕ್ಸ್. ನಿನ್ನ ಮಾತು ಓದಿ ತುಂಬಾ ಹೊತ್ತು ಸುಮ್ಮನೆ ಕೂತೆ. ಕನ್ಯಾಪೊರೆಯ ವಿಷಯ ಹೇಳಿದ್ದು ಒಳ್ಳೆಯದಾಯಿತು. ಅದನ್ನು ನೋಡಿ ಒಬ್ಬಳು 'ಕನ್ಯೆ' ಹೌದಾ ಅಲ್ವಾ ಅಂತ ಯಾರಿಗೂ ಹೇಳಲು ಆಗುವುದಿಲ್ಲ, ಹುಟ್ಟುವಾಗಲೇ ಅದು ಒಬ್ಬೊಬ್ಬರಲ್ಲಿ ಒಂದೊಂದು ತರ. ಅತ್ಯಾಚಾರಕ್ಕೆ ಒಳಗಾದವರಿಗೆ ಮಾಡುತ್ತಿದ್ದ ಎರಡು ಬೆರಳಿನ ಪರೀಕ್ಷೆ ಮಾಡಲೇಬಾರದು ಅಂತ ಸುಪ್ರೀಂ ಕೋರ್ಟು 2022ರ ಅಕ್ಟೋಬರಿನಲ್ಲಿ ಮತ್ತೊಮ್ಮೆ ಖಡಾಖಂಡಿತ ಹೇಳಿದೆ. ಮದುವೆಯ ಮರುದಿನದ ಅನುಮಾನಗಳಿಂದ ಎಷ್ಟು ಸಂಸಾರ ಹಾಳಾಗಿದೆ. ಹುಡುಗರಿಗೆ ಮೊದಲು ಇದನ್ನು ಕಲಿಸಬೇಕು.

ವಕೀಲೆ, ಬಲ್ಮಠ:

ಟೀಚರ್ ಮೇಡಂ, ನಿಮ್ಮ ಕೆಲಸಕ್ಕೆ ಗೌರವ ಇಟ್ಟುಕೊಂಡೇ ಒಂದು ಎಚ್ಚರಿಕೆ. ಫಸ್ಟ್ ಇಯರಿನಲ್ಲಿ ಹದಿನೇಳರ ಮಕ್ಕಳೂ ಇರುತ್ತಾರೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡಲು ಇರುವ ಪೋಕ್ಸೋ 2012ರ ಕಾಯ್ದೆ. ಹದಿನೆಂಟು ತುಂಬದವರ ಮೇಲೆ ದೌರ್ಜನ್ಯ ಆಗಿದೆ ಅಂತ ಗೊತ್ತಾದ ಯಾರೇ ಆದರೂ ಅದರ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ರ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ. ಹದಿನೇಳರ ಹುಡುಗಿ ಒಪ್ಪಿಯೇ ಹೋಗಿದ್ದರೂ ಕಾನೂನಿನ ಕಣ್ಣಿಗೆ ಅದು ಒಪ್ಪಿಗೆ ಅಲ್ಲ. ಆದ್ದರಿಂದ ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡಿ: ಚೀಟಿಯಲ್ಲಿ ಹೆಸರಿಲ್ಲ, ಸರಿ, ಆದರೆ ನನ್ನ ಹತ್ತಿರ ಬಂದು ಮುಖಾಮುಖಿ ಹೇಳಿದರೆ ಕೆಲವು ವಿಷಯವನ್ನು ನಾನು ಗುಟ್ಟಾಗಿ ಇಡಲು ಆಗುವುದಿಲ್ಲ. ಮಕ್ಕಳು ಅದನ್ನು ತಿಳಿದೇ ನಿರ್ಧಾರ ಮಾಡಲಿ. ಮೊದಲು ಭರವಸೆ ಕೊಟ್ಟು ಆಮೇಲೆ ಮುರಿಯುವುದು ಬೇಡ. ಈ ಪೇಪರನ್ನು ಎರಡನೇ ಅಥವಾ ಮೂರನೇ ವರ್ಷಕ್ಕೆ ಇಟ್ಟರೆ ತೊಂದರೆ ಬಹಳ ಕಡಿಮೆ.

ಗಂಡನಿಗೆ ಬೇಡ ಅನ್ನಬಹುದಾ ಅನ್ನುವ ಚೀಟಿಗೆ ಕಾನೂನಿನ ಉತ್ತರ ಹೀಗೆ. ಹೆಂಡತಿಗೆ ಹದಿನೆಂಟು ತುಂಬಿದ್ದರೆ ಗಂಡನ ಬಲವಂತವನ್ನು ಭಾರತೀಯ ನ್ಯಾಯ ಸಂಹಿತೆ ಅತ್ಯಾಚಾರ ಅನ್ನುವುದಿಲ್ಲ, 63ನೇ ಸೆಕ್ಷನ್ನಿನಲ್ಲಿ ಆ ವಿನಾಯಿತಿ ಇನ್ನೂ ಉಳಿದಿದೆ. ಆದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಲೈಂಗಿಕ ಹಿಂಸೆಯೂ ಹಿಂಸೆಯೇ, ಅದರಡಿ ಅವಳು ರಕ್ಷಣೆ ಕೇಳಬಹುದು. ಎರಡನ್ನೂ ಹೇಳಿ, ಒಂದನ್ನು ಮುಚ್ಚಿಡಬೇಡಿ. ಫೋಟೋ ವಿಷಯದಲ್ಲಿ ಹುಡುಗರೂ ಸಿಕ್ಕಿಬೀಳುತ್ತಿದ್ದಾರೆ. ಗುರುತಿಲ್ಲದವರ ವಿಡಿಯೋ ಕಾಲ್ ತೆಗೆದು, ರೆಕಾರ್ಡ್ ಆಗಿ, ದುಡ್ಡು ಕೊಡು ಅಂತ ಬೆದರಿಕೆ. ಮೊದಲ ಮಾತು, ದುಡ್ಡು ಕಳಿಸಬೇಡಿ, ಚಾಟ್ ಅಳಿಸಬೇಡಿ. ಹುಡುಗಿಯ ಖಾಸಗಿ ಫೋಟೋ ಹರಿಬಿಟ್ಟಿದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು.

ನಿವೃತ್ತ ಪ್ರಿನ್ಸಿಪಾಲ್, ಕುಂದಾಪುರ:

ಎಲ್ಲರ ಮಾತು ಓದಿದೆ. ಆಡಳಿತದ ಕುರ್ಚಿಯಲ್ಲಿ ಕೂತವರಿಗೆ ಇರುವ ಭಯವನ್ನೂ ಹೇಳಬೇಕು. ಹುಡುಗ ಹುಡುಗಿಯರು ಸೇರಿದ್ದಾರೆ ಅಂತ ಗುಂಪುಗಳು ನುಗ್ಗಿ ಹೊಡೆದ 2009ರ ಪಬ್ ದಾಳಿ, 2012ರ ಹೋಂಸ್ಟೇ ದಾಳಿ ನಮ್ಮ ಮಂಗಳೂರಿನಲ್ಲೇ ನಡೆದದ್ದು ಯಾರೂ ಮರೆತಿಲ್ಲ. ಹುಡುಗ ಹುಡುಗಿ ಜೊತೆಗೆ ಜ್ಯೂಸ್ ಕುಡಿದರೆ ಹೆಸರು ಕೇಳುವ ಜನ ಇದ್ದಾರೆ. ಇಂಥ ಕಡೆ ಕ್ಲಾಸಿನ ಅರ್ಧ ನಿಮಿಷದ ವಿಡಿಯೋ ಹೊರಗೆ ಹೋದರೆ ಸಂಜೆಗೆ ಗೇಟಿನ ಮುಂದೆ ಗುಂಪು ಸೇರುತ್ತದೆ ಅಂತ ಪ್ರಿನ್ಸಿಪಾಲರು ಹೆದರಿದರೆ ಅದು ಸುಳ್ಳು ಭಯ ಅಲ್ಲ.

ಆದರೆ ಹೆದರಿ ಗುಟ್ಟಾಗಿ ಮಾಡುವುದು ಅದಕ್ಕಿಂತ ಅಪಾಯ. ಬಾಗಿಲು ಮುಚ್ಚಿ ಮಾಡಿದರೆ ಏನೋ ಉಂಟು ಅಂತಲೇ ಅರ್ಥ. ತನ್ನ ಸಿಲೆಬಸ್ ತಾನೇ ಮಾಡಿಕೊಳ್ಳುವ ಅಟಾನಮಸ್ ಕಾಲೇಜಾದರೆ ಪಠ್ಯ ನಿರ್ಧರಿಸುವ ಬೋರ್ಡ್ ಆಫ್ ಸ್ಟಡೀಸ್‌ನಲ್ಲಿ ಇಟ್ಟು ಪಾಸ್ ಮಾಡಿಸಿ. 2021ರಲ್ಲಿ ಹೊಸ ಶಿಕ್ಷಣ ನೀತಿಯ ಓಪನ್ ಇಲೆಕ್ಟಿವ್ ಬಂದಾಗ ಇಂಥ ಪೇಪರಿಗೆ ಒಳ್ಳೆಯ ಜಾಗ ಇತ್ತು, ಬಳಸಿಕೊಂಡವರು ಕಡಿಮೆ. 2024ರಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ ಆದರೂ ಐಚ್ಛಿಕ ಪೇಪರುಗಳಿಗೆ ಜಾಗ ಇದ್ದೇ ಇದೆ. ಸಿಲೆಬಸ್ಸನ್ನು ಕನ್ನಡದಲ್ಲೇ ಅಚ್ಚು ಮಾಡಿ ಪೇರೆಂಟ್ಸ್ ಮೀಟಿಂಗಿನಲ್ಲಿ ಕೈಗೆ ಕೊಡಿ. ಶರೀರದ ಪಾಠಕ್ಕೆ ಇಬ್ಬರು ಇರಲಿ, ಒಬ್ಬರು ಹೆಂಗಸು, ಒಬ್ಬರು ಗಂಡಸು. ಕ್ಲಾಸಿನಲ್ಲಿ ಮೊಬೈಲ್ ಬೇಡ. 2015ರ ಯುಜಿಸಿ ನಿಯಮದ ಪ್ರಕಾರ ಪ್ರತಿ ಕಾಲೇಜಿನಲ್ಲೂ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ದೂರು ಸಮಿತಿ ಇರಲೇಬೇಕು. ಅದರ ಸದಸ್ಯರನ್ನು ಮೊದಲ ವಾರವೇ ಕ್ಲಾಸಿಗೆ ಕರೆದು ಮುಖ ಪರಿಚಯ ಮಾಡಿಸಿ. ಎಷ್ಟೋ ಕಡೆ ಆ ಸಮಿತಿ ನೋಟಿಸ್ ಬೋರ್ಡಿನಲ್ಲಿ ಮಾತ್ರ ಇದೆ.

ಬಿಕಾಂ ಹುಡುಗಿಯ ಅಮ್ಮ, ಉಡುಪಿ:

ಎಲ್ಲ ಓದಿದೆ. ಆ ಹುಡುಗ ಬರೆದದ್ದು ಓದಿ ಬೇಜಾರಾಯಿತು, ಅವನ ಅಮ್ಮನಿಗೂ ಏನೂ ಗೊತ್ತಿರಲಿಲ್ಲ ಅನ್ನಿಸಿತು. ಸಿಸ್ಟರ್ ಹೇಳಿದ ಲಸಿಕೆಯ ಬಗ್ಗೆ ಡಾಕ್ಟರ ಹತ್ತಿರ ಕೇಳುತ್ತೇನೆ. ಆದರೆ ಕಡ್ಡಾಯ ಮಾಡುವುದಕ್ಕೆ ನನ್ನ ಒಪ್ಪಿಗೆ ಈಗಲೂ ಇಲ್ಲ. ಬೇಕಾದವರು ತೆಗೆದುಕೊಳ್ಳಲಿ. ಸಿಲೆಬಸ್ ಮೊದಲು ನಮ್ಮ ಕೈಗೆ ಬರಲಿ. ಪರೀಕ್ಷೆಯಲ್ಲಿ ಏನು ಕೇಳುತ್ತೀರಿ ಅಂತಲೂ ಹೇಳಿ, ಮಗಳು ಇಂಥದ್ದನ್ನು ಓದಿ ಬರೆಯಬೇಕಲ್ವಾ?

ಸೈಕಾಲಜಿ ಟೀಚರ್, ಮಂಗಳೂರು:

ಐಚ್ಛಿಕವಾಗಿಯೇ ಇಡುತ್ತೇವೆ ಅಕ್ಕ, ಮತ್ತು ವಕೀಲೆ ಮೇಡಂ ಹೇಳಿದ ಹಾಗೆ ಎರಡನೇ ವರ್ಷದ ಮೇಲೆ. ಪ್ರಿನ್ಸಿಪಾಲ್ ಸರ್ ಹೇಳಿದಂತೆ ಕನ್ನಡದ ಸಿಲೆಬಸ್ ಬರೆಯಲು ಕೂತಿದ್ದೇನೆ, ಕರಡು ಇಲ್ಲೇ ಹಾಕುತ್ತೇನೆ, ತಿದ್ದಿ.

ಪರೀಕ್ಷೆಯಲ್ಲಿ ಕೇಳುವುದು ಹೀಗೆ. ಗೋಡೆಯ ಮೇಲಿನ ಒಂದು ಜಾಹೀರಾತು ಕೊಟ್ಟು, ಇದರಲ್ಲಿ ಏನೆಲ್ಲ ಸುಳ್ಳು, ಯಾಕೆ ಸುಳ್ಳು ಅಂತ ಬರೆಯಲು. ಒಂದು ಮುಟ್ಟಿನ ಕ್ಯಾಲೆಂಡರ್ ಕೊಟ್ಟು, ಅಂಡ ಬಿಡುಗಡೆ ಅಂದಾಜು ಯಾವಾಗ, ಯಾವ ಲಕ್ಷಣ ಕಂಡರೆ ಡಾಕ್ಟರ ಹತ್ತಿರ ಹೋಗಬೇಕು ಅಂತ. ಇಬ್ಬರ ನಡುವಿನ ಒಂದು ಮಾತುಕತೆ ಕೊಟ್ಟು, ಇಲ್ಲಿ ಒಪ್ಪಿಗೆ ಎಲ್ಲಿದೆ, ಒತ್ತಾಯ ಎಲ್ಲಿ ಶುರುವಾಯಿತು ಅಂತ ಗುರುತಿಸಲು. ಫ್ರೆಂಡಿಗೆ ಫೋಟೋ ಹಾಕುತ್ತೇನೆ ಅಂತ ಬೆದರಿಕೆ ಬಂದಿದೆ, ಮೊದಲ ದಿನ ಏನೇನು ಮಾಡಬೇಕು ಅಂತ ಕ್ರಮವಾಗಿ ಬರೆಯಲು. ಕೊನೆಯ ಈ ಪ್ರಶ್ನೆಯನ್ನು ಮಗಳ ಹತ್ತಿರ ಇವತ್ತೇ ಕೇಳಿ ನೋಡಿ. ಅವಳು ಏನು ಉತ್ತರ ಕೊಟ್ಟಳು ಅಂತ ಇಲ್ಲಿ ಬರೆಯುವುದು ಬೇಡ, ನಿಮ್ಮಿಬ್ಬರಿಗೆ ಗೊತ್ತಿದ್ದರೆ ಸಾಕು.